ಎಪ್ಪತ್ತೆರಡು ಡಿಗ್ರಿಯ ಕೆಳಗೆ

ಫೆಬ್ರವರಿ ೩, ಸೋಮವಾರ

ಡೇರಿಯಲ್ಲಿ ಪರೀಕ್ಷಾರ್ಥ ನೇಮಕದ ನಾಲ್ಕು ತಿಂಗಳು ಕಳೆದವು, ಎರಡು ಉಳಿದಿವೆ. ಇಂದು ವಿಭಾಗದ ಮುಖ್ಯಸ್ಥೆ ತಮ್ಮ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಷರತ್ತನ್ನು ತಿಳಿಸಿದರು.

“ಸಾರ್, ಸುತ್ತಿ ಬಳಸಿ ಹೇಳಲ್ಲ. ಹಾಲು ಕಾಯಿಸೋ ಲೈನು ಒಂದು ವಾರ ಪೂರ್ತಿ, ಎರಡೂ ಪಾಳೀಲಿ, ಯಾರೂ ಕೈ ಹಾಕದೆ ಆಟೋದಲ್ಲೇ ಓಡಬೇಕು. ಒಂದು ಸಲಾನೂ ಹಾಲು ವಾಪಸ್ ಹೋಗಬಾರ್ದು. ಮಾರ್ಚ್ ಒಳಗೆ ಆದ್ರೆ ನಿಮ್ಮ ಹುದ್ದೆ ಕಾಯಂ. ಆಗ್ಲಿಲ್ಲ ಅಂದ್ರೆ ಆಡಳಿತದವರು ಈ ಕೆಲಸಾನ ಹೊರಗಿನ ಕಂಪನಿಗೆ ಕೊಟ್ಟುಬಿಡ್ತಾರೆ. ಆಮೇಲೆ ಆ ಹುದ್ದೆನೇ ಇರಲ್ಲ.”

“ಆಗಲಿ ಮೇಡಂ” ಎಂದೆ. ಇನ್ನೂ ನಾಲ್ಕು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ.

ಸಮಸ್ಯೆಯನ್ನು ಬರೆದಿಟ್ಟರೆ ಅರ್ಧ ಬಗೆಹರಿದಂತೆ ಎಂದು ನನ್ನ ನಂಬಿಕೆ. ಹಾಲನ್ನು ಎಪ್ಪತ್ತೈದು ಡಿಗ್ರಿಯ ಸುತ್ತ ನಿಲ್ಲಿಸುತ್ತೇವೆ. ಎಪ್ಪತ್ತೆರಡಕ್ಕಿಂತ ಕೆಳಗಿಳಿದರೆ ಒಂದು ಕವಾಟ ತಾನಾಗಿ ಹೊರಳಿ ಹಾಲನ್ನು ಮರಳಿ ತೊಟ್ಟಿಗೆ ಕಳುಹಿಸುತ್ತದೆ, ಸೈರನ್ ಕೂಗುತ್ತದೆ, ಪ್ಯಾಕಿಂಗ್ ನಿಲ್ಲುತ್ತದೆ. ಕಾಯಿಸುವ ಉಗಿ ಎಷ್ಟು ಬೇಕೆಂಬ ಲೆಕ್ಕ ಹೊಸ ನಿಯಂತ್ರಕದ ಕೆಲಸ. ಆದರೆ ಅದರ ಮೇಲೆ ಯಾರಿಗೂ ನಂಬಿಕೆಯಿಲ್ಲ. ಎಲ್ಲರೂ ಅದನ್ನು ಮ್ಯಾನುವಲ್‌ಗೆ ಹಾಕಿ ಉಗಿಯನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತ ಕೂರುತ್ತಾರೆ. ಆ ನಂಬಿಕೆಯನ್ನು ಹುಟ್ಟಿಸುವುದೇ ನಿಯಂತ್ರಣ ವ್ಯವಸ್ಥೆಯ ಇಂಜಿನಿಯರನ ಕೆಲಸ. ಆ ಹೆಸರಿನ ಹುದ್ದೆಗಾಗಿಯೇ ನಾನು ಐವತ್ತು ದಾಟಿದ ಮೇಲೆ ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದ್ದು, ಉಪಕರಣ ತಂತ್ರಜ್ಞನ ಭದ್ರ ಕೆಲಸಕ್ಕೆ ರಾಜೀನಾಮೆ ಕೊಟ್ಟದ್ದು. ಹಿಂದಿರುಗುವ ದಾರಿ ಇಲ್ಲ.

ಸಂಜೆ ಹೆಂಡತಿಯ ತಮ್ಮ ಬಂದಿದ್ದ. ಅವನದು ನೀರಿನ ಪಂಪುಗಳ ಅಂಗಡಿ. “ಭಾವ, ನನ್ನ ಅಂಗಡಿ ಬಾಗಿಲು ನಿಮಗೆ ಯಾವಾಗ್ಲೂ ತೆಗೆದೇ ಇರುತ್ತೆ. ಕೌಂಟರ್ ಹಿಂದೆ ಫ್ಯಾನೂ ಇದೆ” ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಫೆಬ್ರವರಿ ೬, ಗುರುವಾರ

ಮೂರು ದಿನದ ಪ್ರಯೋಗದ ಫಲವಾಗಿ ಸಂಖ್ಯೆ ಸಿಕ್ಕಿತು. ಉಷ್ಣತೆ ತಪ್ಪಿದಾಗ ಉಗಿಯ ಕವಾಟ ಎಷ್ಟು ಬಲವಾಗಿ ತಿದ್ದಬೇಕೆಂಬುದಕ್ಕೆ ನಾವು ಗೇನ್ ಎನ್ನುತ್ತೇವೆ. ಅದನ್ನು ಎರಡೂವರೆಗೆ ಇಟ್ಟೆ.

ಬೆಳಗಿನ ಪಾಳಿಯಲ್ಲಿ ಲೈನು ನಡೆಸುವವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು.

“ಸಾರ್, ಕೈ ತೆಗೀಲಾ?”

“ತೆಗೀರಿ.”

“ಸೈರನ್ ಆದ್ರೆ ನಿಮ್ಮ ಹೆಸರು ಹೇಳ್ತೀನಿ.”

“ಹೇಳಿ.”

ಬೇರೆಯವರು ತನ್ನ ಮಗುವನ್ನು ಎತ್ತಿಕೊಂಡಾಗ ತಾಯಿ ನೋಡುವ ಹಾಗೆ ಪರದೆಯನ್ನೇ ನೋಡುತ್ತ ಕೂತರು. ಪಾಳಿ ಮುಗಿಯುವವರೆಗೂ ಉಷ್ಣತೆಯ ಗೆರೆ ಅಲುಗಲಿಲ್ಲ.

ಪಾಳಿ ಬದಲಾಗುವಾಗ ಬಾಗಿಲ ಪಕ್ಕದ ಹಲಗೆಯ ಮೇಲೆ ಒಂದು ಸಾಲು ಬರೆಯುವುದು ಇಲ್ಲಿಯ ಪದ್ಧತಿ. ‘ಎಲ್ಲವೂ ಸರಿ’ ಎಂದು ಬರೆದೆ. ಎರಡನೆಯ ಪಾಳಿಯ ಇಂಜಿನಿಯರ್ ಎದುರು ಬಂದರು. ನನ್ನದೇ ವಯಸ್ಸಿನವರು, ಕಂಕುಳಲ್ಲಿ ಸದಾ ಒಂದು ಫ್ಲಾಸ್ಕು. ಅವರು ತಲೆಯಾಡಿಸಿದರು, ನಾನೂ ಆಡಿಸಿದೆ. ಹೊಸ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಪರದೆಯ ಮೇಲೆ ಕಾಣುವುದನ್ನು ಹೇಳಿದರೆ ಎದುರಿನವರಿಗೆ ಓದಲು ಬಾರದೆಂದು ಅಂದಂತಾಗುತ್ತದೆ.

ಫೆಬ್ರವರಿ ೭, ಶುಕ್ರವಾರ

ಬೆಳಗಿನ ಮೊದಲ ಹಾಲಿಗೇ ಸೈರನ್. ಬಾಟಲಿ ತೊಳೆಯುವ ವಿಭಾಗ ಉಗಿ ಎಳೆದುಕೊಂಡ ಕೂಡಲೇ ಉಷ್ಣತೆ ಜಾರಿತು. ನಿಯಂತ್ರಕ ಆಕಳಿಸಿಕೊಂಡು ಎದ್ದಂತೆ ನಿಧಾನವಾಗಿ ತಿದ್ದಿತು. ನೋಡಿದರೆ ಗೇನ್ ಒಂದು ಆಗಿದೆ. ನಾನು ಇಟ್ಟದ್ದು ಎರಡೂವರೆ. ಉಳಿಸುವ ಗುಂಡಿ ಒತ್ತಲು ಮರೆತೆನೇನೋ. ಸರಿಪಡಿಸಿದೆ.

ಹಲಗೆಯ ಮೇಲೆ ನಿನ್ನೆ ಸಂಜೆಯ ಬರಹ: ‘ಎಲ್ಲವೂ ಸರಿ’.

ಫೆಬ್ರವರಿ ೧೧, ಮಂಗಳವಾರ

ಮತ್ತೆ ಒಂದು. ಮತ್ತೆ ಎರಡೂವರೆ ಮಾಡಿದೆ. ಉಳಿಸುವ ಗುಂಡಿಯನ್ನು ಎರಡು ಸಲ ಒತ್ತಿದೆ.

ಫೆಬ್ರವರಿ ೧೨, ಬುಧವಾರ

ಮತ್ತೆ.

ಫೆಬ್ರವರಿ ೧೪, ಶುಕ್ರವಾರ

ಕ್ರಮಬದ್ಧವಾಗಿ ಯೋಚಿಸಿದೆ. ಯಾರು ಬದಲಿಸಿದರೆಂದು ಯಂತ್ರವನ್ನು ಕೇಳಿದರೆ ‘ಇಂಜಿನಿಯರ್’ ಎನ್ನುತ್ತದೆ; ಇಡೀ ವಿಭಾಗಕ್ಕೆ ಇರುವುದು ಒಂದೇ ಗುಪ್ತಪದ. ಆದ್ದರಿಂದ ಅದರಿಂದ ಏನೂ ತಿಳಿಯದು. ಪ್ರತಿ ಸಲವೂ ಸಂಖ್ಯೆ ಮರಳುವುದು ಒಂದಕ್ಕೇ. ಆದ್ದರಿಂದ ಅದು ತಯಾರಕರು ಇಟ್ಟ ಮೂಲಸಂಖ್ಯೆ ಇರಬೇಕು. ಆದ್ದರಿಂದ ನಿಯಂತ್ರಕ ರಾತ್ರಿ ನೆನಪು ಕಳೆದುಕೊಳ್ಳುತ್ತಿದೆ. ಆದ್ದರಿಂದ ಬ್ಯಾಟರಿ.

ಮೂಲಸಂಖ್ಯೆ ಒಂದು ಎಂದು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ. ಕೈಪಿಡಿ ಹಳೆಯದಿರಬೇಕು.

ಉಗ್ರಾಣದಿಂದ ಹೊಸ ಬ್ಯಾಟರಿ ತಂದು ಹಾಕಿದೆ.

ಫೆಬ್ರವರಿ ೧೮, ಮಂಗಳವಾರ

ಒಂದು.

ಮುಖ್ಯಸ್ಥೆ ಲೈನಿನ ಹತ್ತಿರ ಬಂದು ಕೈಕಟ್ಟಿ ನಿಂತರು. “ಏನ್ ಸಾರ್, ಬೆಳಗ್ಗೆ ಬೆಳಗ್ಗೆ ಸುಪ್ರಭಾತ ಕೇಳಿಸ್ತು” ಎಂದರು. ಹಾರ್ಡ್‌ವೇರ್ ಪರಿಶೀಲನೆ ನಡೆದಿದೆ ಎಂದೆ. ಅವರು ಹೋದ ಮೇಲೆ ದೊಡ್ಡಕ್ಕ ಹೇಳದೆ ಕೇಳದೆ ಮ್ಯಾನುವಲ್‌ಗೆ ಹಾಕಿದರು. ನಾನು ತಡೆಯಲಿಲ್ಲ.

ಮನೆಯಲ್ಲಿ ಹೆಂಡತಿ ತಟ್ಟೆ ಇಡುತ್ತ, “ಏನಾಯ್ತು?” ಎಂದಳು.

“ಏನಿಲ್ಲ.”

ಅವಳು ದಂತವೈದ್ಯರ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿ ನೋಡಿಕೊಳ್ಳುತ್ತಾಳೆ. “ನಮ್ಮಲ್ಲಿ ಎಂಥೋರನ್ನೂ ಅರ್ಧ ನಿಮಿಷದಲ್ಲಿ ಬಾಯಿ ತೆರೆಸ್ತೀವಿ. ನಿಮ್ಮ ವಿಷಯದಲ್ಲಿ ಇಪ್ಪತ್ತಾರು ವರ್ಷ ಸಾಲ್ಲಿಲ್ಲ” ಎಂದಳು. ನಾನು ಸಾರು ಬಡಿಸಿಕೊಂಡೆ.

ಫೆಬ್ರವರಿ ೨೬, ಬುಧವಾರ

ಬರೆಯುವಂಥದ್ದೇನೂ ಇಲ್ಲ. ಭಾನುವಾರ ಪಂಪಿನ ಅಂಗಡಿಯ ಮುಂದೆ ಹಾದುಹೋದೆ. ಕೌಂಟರ್ ಹಿಂದೆ ಫ್ಯಾನು ಇರುವುದು ನಿಜ.

ಮಾರ್ಚ್ ೩, ಸೋಮವಾರ

ಇಂದಿನದನ್ನು ಪೂರ್ತಿ ಬರೆಯಬೇಕು.

ಮೊದಲ ಬ್ಯಾಟರಿಯೇ ದೋಷಪೂರಿತವಾಗಿರಬಹುದೆಂದು ಇನ್ನೊಂದನ್ನು ಕೇಳಲು ಉಗ್ರಾಣಕ್ಕೆ ಹೋದೆ. ಉಗ್ರಾಣದವನು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ದಿಟ್ಟಿಸಿದ.

“ನಿಮ್ಮ ವಿಭಾಗಕ್ಕೆ ಇದೇನ್ ಸಾರ್ ಬ್ಯಾಟರಿ ಹುಚ್ಚು? ಮೊದಲು ನೀವೊಂದು ಒಯ್ದ್ರಿ. ಆಮೇಲೆ ಸಂಜೆ ಸಾರ್ ಒಂದು. ಈಗ ಮತ್ತೆ ನೀವು.”

“ಸಂಜೆಯವರು ಯಾಕೆ ತಗೊಂಡ್ರು?”

“ನೆನಪು ನಿಲ್ತಾ ಇಲ್ಲ ಅಂದ್ರು. ಯಂತ್ರಕ್ಕಾ ನಿಮಗಾ ಅಂತ ಕೇಳ್ದೆ. ನಗ್ಲೇ ಇಲ್ಲ ಪುಣ್ಯಾತ್ಮ. ನೀವೂ ನಗ್ತಾ ಇಲ್ಲ.”

ಬ್ಯಾಟರಿ ಬೇಡವೆಂದು ಹೇಳಿ ಬಂದು ಮೆಟ್ಟಿಲ ಮೇಲೆ ಕೂತೆ. ನೆನಪು ಹೋಗಿರಲಿಲ್ಲ. ನಾನು ಇಟ್ಟದ್ದನ್ನು ಅವರು ಸಂಜೆ ತಿದ್ದುತ್ತಿದ್ದರು. ಅವರು ಇಟ್ಟದ್ದನ್ನು ನಾನು ಬೆಳಿಗ್ಗೆ ತಿದ್ದುತ್ತಿದ್ದೆ. ಇಬ್ಬರೂ ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ‘ಎಲ್ಲವೂ ಸರಿ’ ಎಂದು ಬರೆಯುತ್ತಿದ್ದೆವು.

ಹಾಗಾದರೆ ನನ್ನ ಲೆಕ್ಕ ತಪ್ಪೆಂದು ಅವರ ಅಭಿಪ್ರಾಯವೇ? ಅಥವಾ ನಾನು ಇಲ್ಲಿ ನೆಲೆಯೂರುವುದು ಅವರಿಗೆ ಬೇಕಿಲ್ಲವೇ? ಮಧ್ಯಾಹ್ನವೆಲ್ಲ ಈ ಎರಡನೆಯ ಯೋಚನೆಯೇ ಕಾಡಿತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹೇಳುವ ಉದ್ದೇಶವಿರಲಿಲ್ಲ, ಅವಳು ಬಟ್ಟೆ ಮಡಿಸುತ್ತಿದ್ದಳು, ನಾನು ಇನ್ನೊಂದು ತುದಿ ಹಿಡಿದಿದ್ದೆ.

“ಅವರನ್ನ ಕೇಳಿದ್ರಾ?”

“ಏನಂತ ಕೇಳೋದು?”

“ಗೇನೋ ಗೀನೋ, ಅದನ್ನ.”

“ಅಷ್ಟು ಸುಲಭ ಅಲ್ಲ.”

“ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನೀವು ಬೆಳೆ ಬಂದಾಗಲೂ ಉಪವಾಸ ಬೀಳೋರು” ಎಂದಳು.

ಮಾರ್ಚ್ ೪, ಮಂಗಳವಾರ

ಪಾಳಿ ಮುಗಿದ ಮೇಲೆ ಗೇಟಿನ ಬಳಿ ಕಾದೆ. ಫ್ಲಾಸ್ಕಿನೊಂದಿಗೆ ಅವರು ಬಂದರು. ನಡೆದ ಸಂಭಾಷಣೆಯನ್ನು ಯಥಾವತ್ತಾಗಿ ದಾಖಲಿಸುತ್ತೇನೆ.

“ಸೆಕೆ ಜಾಸ್ತಿ ಆಯ್ತು.”

“ಹೌದು. ಜಾಸ್ತಿನೇ.”

“ಇನ್ನೂ ಮಾರ್ಚ್ ಶುರು.”

“ಹೌದು ಹೌದು.”

ಅವರು ಒಳಗೆ ಹೋದರು. ನಾನು ಮನೆಗೆ ಬಂದೆ.

“ಸೆಕೆ ಜಾಸ್ತಿ ಅಂತ ಕಂಡುಹಿಡಿಯೋಕೆ ಇಬ್ಬರು ಇಂಜಿನಿಯರ್ ಬೇಕಾಯ್ತಾ?” ಎಂದು ಹೆಂಡತಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಗಂಭೀರವಾಗಿ ಸಲಹೆ ಕೊಟ್ಟಳು. “ನಮ್ಮ ಡಾಕ್ಟ್ರು ಹಲ್ಲು ಕೀಳೋವಾಗ ಮೂರು ಎಣಿಸ್ತೀನಿ ಅಂತಾರೆ, ಎರಡಕ್ಕೇ ಕಿತ್ತುಬಿಡ್ತಾರೆ. ಪೀಠಿಕೆ ಹಾಕಬೇಡಿ. ಒಂದೇ ವಾಕ್ಯ ಹೇಳಿ.”

ಮಾರ್ಚ್ ೫, ಬುಧವಾರ

ಅವರು ಕುರ್ಚಿ ಎಳೆದುಕೊಂಡು ಫ್ಲಾಸ್ಕನ್ನು ಮೇಜಿನ ಮೇಲಿಡುವಷ್ಟರಲ್ಲಿ ಹೇಳಿಬಿಟ್ಟೆ.

“ಗೇನ್ ಎರಡೂವರೆ ಇಡೋದು ನಾನು.”

ಅವರು ಫ್ಲಾಸ್ಕಿನ ಮುಚ್ಚಳ ತೆಗೆದರು. ಪುನಃ ಹಾಕಿದರು.

“ಒಂದು ಇಡೋದು ನಾನು.”

ಹೊರಗೆ ಕ್ರೇಟುಗಳ ಸದ್ದು ಕೇಳುತ್ತಿತ್ತು. ನಾವಿಬ್ಬರೂ ಪರದೆಯನ್ನು ನೋಡಿದೆವು, ಅದೇನಾದರೂ ಹೇಳಬಹುದೆಂಬಂತೆ.

“ನಾನು ಬ್ಯಾಟರಿ ಅಂದ್ಕೊಂಡಿದ್ದೆ” ಎಂದೆ.

“ನಾನೂ. ನೀವು ಹಾಕಿದ್ದನ್ನ ತೆಗೆದು ಹೊಸದು ಹಾಕ್ದೆ. ತೆಗೆದದ್ದೂ ಹೊಸದರ ಹಾಗೇ ಹೊಳೀತಿತ್ತು. ಆದ್ರೂ...” ಅವರು ಕತ್ತು ತುರಿಸಿಕೊಂಡರು. “ಒಂದಿನ ನಿಮ್ಮ ಮೇಲೆ ಅನುಮಾನ ಬಂತು. ಛೆ, ಇಷ್ಟು ಮರ್ಯಾದಸ್ಥರು ಒಂದು ಮಾತು ಹೇಳದೆ ಬದಲಾಯಿಸ್ತಾರಾ ಅಂತ ಸುಮ್ನಾದೆ.”

“ನೀವು ಬದಲಾಯಿಸಿದ್ದು?”

“ನಾನು ಬದಲಾಯಿಸ್ಲಿಲ್ಲ ಸಾರ್. ಸರಿ ಮಾಡ್ದೆ.”

ನಾನೂ ಅದನ್ನೇ ಮಾಡುತ್ತಿದ್ದೆನೆಂದು ಹೇಳಿದೆ. ಆಗ ಅವರು ನಕ್ಕರು. ಈ ಮನುಷ್ಯ ನಗುವಾಗ ಧ್ವನಿಯೇ ಬರುವುದಿಲ್ಲ. ಭುಜ ಮಾತ್ರ ಕುಲುಕುತ್ತದೆ. ನನಗೂ ತಡೆಯಲಾಗಲಿಲ್ಲ.

“ಒಂದು ಯಾಕೆ?” ಎಂದು ಕೇಳಿದೆ.

“ಎರಡೂವರೆ ಯಾಕೆ?” ಎಂದು ಅವರು ಕೇಳಿದರು.

ಮನೆಗೆ ಹೋಗದೆ ಅವರ ಪಾಳಿಯಲ್ಲಿ ಕೂತೆ. ಸಂಜೆ ಓಡುವುದು ಒಂದೇ ಪ್ಯಾಕಿಂಗ್ ಯಂತ್ರ. ಹಾಲಿನ ಹರಿವು ಅರ್ಧಕ್ಕರ್ಧ. ಅವರು ನನ್ನ ಎರಡೂವರೆಯನ್ನು ಹಾಗೆಯೇ ಬಿಟ್ಟು ತೋರಿಸಿದರು. ಕಡಿಮೆ ಹಾಲಿಗೆ ಅದೇ ರಭಸದ ಉಗಿ: ಉಷ್ಣತೆ ಉಯ್ಯಾಲೆಯಂತೆ ಮೇಲೆ ಹೋಗಿ ಕೆಳಗೆ ಬಂದು, ಮೂರನೆಯ ಜೀಕಿಗೆ ಎಪ್ಪತ್ತೆರಡನ್ನು ಮುಟ್ಟುವಂತಾಯಿತು. ಅವರು ಒಂದಕ್ಕೆ ಇಳಿಸಿದರು. ಗೆರೆ ಮಲಗಿತು.

ನನ್ನ ಸಂಖ್ಯೆ ತಪ್ಪಲ್ಲ. ಅವರದೂ ತಪ್ಪಲ್ಲ. ನಾನು ಬೆಳಗಿನ ಹಾಲನ್ನು ಬಲ್ಲೆ, ಅವರು ಸಂಜೆಯದನ್ನು ಬಲ್ಲರು.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಕಿತ್ರಾ?” ಎಂದಳು. ಕಿತ್ತೆ ಎಂದೆ.

ಮಾರ್ಚ್ ೬, ಗುರುವಾರ

ಸಂಜೆಯವರು ತಮ್ಮ ನಿದ್ದೆಯನ್ನು ಬಿಟ್ಟು ಬೆಳಗಿನ ಪಾಳಿ ನೋಡಲು ಬಂದರು. ವಿಷಯ ತಿಳಿದ ದೊಡ್ಡಕ್ಕ ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು.

“ಎತ್ತು ಏರಿಗೆ ಎಳೀತಂತೆ, ಕೋಣ ನೀರಿಗೆ ಎಳೀತಂತೆ. ಮಧ್ಯದಲ್ಲಿ ಸೈರನ್ ಕೇಳಿ ಕಿವಿ ಹೋಗಿದ್ದು ನಂದು!”

“ಇದ್ರಲ್ಲಿ ಎತ್ತು ಯಾರು?” ಎಂದು ಸಂಜೆಯವರು ಬಹಳ ವಿನಯದಿಂದ ಕೇಳಿದರು.

“ಅದನ್ನೂ ನೀವಿಬ್ರೇ ಮಾತಾಡಿ ತೀರ್ಮಾನ ಮಾಡ್ಕೊಳ್ಳಿ ಸಾರ್. ಮಾತಾಡೋದು ಹೊಸದಾಗಿ ಕಲ್ತಿದ್ದೀರಲ್ಲ.”

ಹರಿವು ಹೆಚ್ಚಿದ್ದಾಗ ನನ್ನ ಸಂಖ್ಯೆ, ಕಡಿಮೆಯಾದಾಗ ಅವರ ಸಂಖ್ಯೆ. ನಿಯಂತ್ರಕವೇ ಆರಿಸಿಕೊಳ್ಳುವಂತೆ ಮಾಡಬೇಕೆಂದು ನಿಶ್ಚಯಿಸಿದೆವು. ಇದು ಪಠ್ಯಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಇದಕ್ಕೆ ನಾನು ಪೂರ್ಣ ಅಂಕ ಪಡೆದಿದ್ದೆ.

ಮಾರ್ಚ್ ೧೧, ಮಂಗಳವಾರ

ವಿಫಲ. ಅದೂ ಮುಖ್ಯಸ್ಥೆಯ ಎದುರಿನಲ್ಲಿಯೇ.

ಮಧ್ಯಾಹ್ನ ಎರಡನೆಯ ಪ್ಯಾಕಿಂಗ್ ಯಂತ್ರ ನಿಂತಿತು, ಹರಿವು ಇಳಿಯಿತು, ನಿಯಂತ್ರಕ ಎರಡೂವರೆಯಿಂದ ಒಂದಕ್ಕೆ ನೆಗೆಯಿತು. ಅದರೊಂದಿಗೆ ಉಗಿಯ ಕವಾಟವೂ ನೆಗೆದು ಮುಚ್ಚಿಕೊಂಡಿತು. ಸೈರನ್. ಮುಖ್ಯಸ್ಥೆ ಕಿವಿ ಮುಚ್ಚಿಕೊಂಡು, “ಸಾರ್, ಮುಂದಿನ ಸೋಮವಾರದಿಂದ ವಾರ ಎಣಿಸ್ಲೇಬೇಕು. ಅದಕ್ಕಿಂತ ತಡ ಆದ್ರೆ ನನ್ನ ಕೈಲಿಲ್ಲ” ಎಂದರು.

ಸಂಜೆ ಪಾಳಿಯವರು ಊಟದ ಬಿಡುವಿನಲ್ಲಿ ಫೋನ್ ಮಾಡಿದರು. ಎರಡು ಮೆಟ್ಟಿಲ ಬದಲು ಇಳಿಜಾರು ಮಾಡಿದರೆ ಹೇಗೆ ಎಂದು ನಾನು ಕೇಳುವುದಕ್ಕೂ, ಅವರು ಅದನ್ನೇ ಹೇಳುವುದಕ್ಕೂ ಸರಿಹೋಯಿತು. ಹರಿವು ಎಷ್ಟು ಇಳಿಯುತ್ತದೋ ಗೇನ್ ಅಷ್ಟೇ ಇಳಿಯಲಿ. ಎಲ್ಲಿಯೂ ನೆಗೆತ ಬೇಡ. ಮಾತು ಮುಗಿಸಿ ನೋಡಿದರೆ ಹೆಂಡತಿ ಟೀವಿಯ ಧ್ವನಿ ಅಡಗಿಸಿ ಕೂತಿದ್ದಾಳೆ.

“ಯಾರ ಜೊತೆ ಇಷ್ಟು ಹೊತ್ತು?”

“ಸಂಜೆ ಪಾಳಿಯವರು.”

“ನನ್ನ ಹತ್ರ ಮದುವೆಗೆ ಮುಂಚೆನೂ ಇಷ್ಟು ಮಾತಾಡಿರಲಿಲ್ಲ.”

ಮಾರ್ಚ್ ೧೭, ಸೋಮವಾರ

ಎಣಿಕೆ ಆರಂಭ. ಇಳಿಜಾರು ಕೆಲಸ ಮಾಡುತ್ತಿದೆ. ಯಂತ್ರ ನಿಂತಾಗ ಗೆರೆ ಸ್ವಲ್ಪ ತಲೆಯೆತ್ತಿ ಮತ್ತೆ ಮಲಗಿತು. ಹಲಗೆಯ ಮೇಲೆ ಐದು ಸಾಲು ಬರೆದೆ. ಸಂಜೆಯವರು ಏಳು ಬರೆದರಂತೆ. ಹಲಗೆ ಸಾಲದೆ ಬಾಗಿಲ ಮೇಲೆ ಕಾಗದ ಅಂಟಿಸಿದ್ದಾರೆ.

ಮಾರ್ಚ್ ೨೦, ಗುರುವಾರ

ಬಾಯ್ಲರ್ ಒಂದು ಗಳಿಗೆ ಕೈಕೊಟ್ಟಿತು. ಎಪ್ಪತ್ನಾಲ್ಕು. ಎಪ್ಪತ್ಮೂರು. ಎಪ್ಪತ್ಮೂರರ ಕೆಳಗೆ. ನನ್ನ ಕೈ ತಾನಾಗಿ ಮ್ಯಾನುವಲ್‌ನತ್ತ ಹೋಯಿತು.

“ಸಾರ್, ಕೈ” ಎಂದರು ದೊಡ್ಡಕ್ಕ.

ಹಿಂದೆಗೆದೆ. ಕವಾಟ ತೆರೆಯಿತು, ಇನ್ನೂ ತೆರೆಯಿತು. ಗೆರೆ ನಿಂತಿತು, ಯೋಚಿಸಿತು, ಏರತೊಡಗಿತು. ದೊಡ್ಡಕ್ಕ ಕುರ್ಚಿಗೆ ಒರಗಿ, “ಅಬ್ಬ. ಇದು ನನಗಿಂತ ಚೆನ್ನಾಗಿ ಮಾಡ್ತು. ಯಾರಿಗೂ ಹೇಳಬೇಡಿ” ಎಂದರು.

ಮಾರ್ಚ್ ೨೨, ಶನಿವಾರ

ಹೆಂಡತಿಯ ತಮ್ಮ ಊಟಕ್ಕೆ ಬಂದಿದ್ದ. ಲೈನಿನ ಬಗ್ಗೆ ಏನೋ ಕೇಳಿದ. ವಿವರಿಸಿದೆ. ಲೋಟ, ಚಮಚ ಇಟ್ಟು ಹರಿವನ್ನೂ ಉಗಿಯನ್ನೂ ತೋರಿಸಿದೆ. ಅವನು ಕೈತೊಳೆಯಲು ಎದ್ದಾಗ ಅಕ್ಕನಿಗೆ ಹೇಳಿದ್ದು ಕೇಳಿಸಿತು: “ಭಾವನ ಬಾಯಲ್ಲಿ ಇಷ್ಟು ಮಾತಿದೆ ಅಂತ ಗೊತ್ತೇ ಇರ್ಲಿಲ್ಲ ಕಣೆ. ಪುಣ್ಯಕ್ಕೆ ಅಂಗಡಿಗೆ ಬರಲಿಲ್ಲ. ಒಂದು ಪಂಪು ತಗೊಳೋಕೆ ಬಂದೋರು ಮೂರು ದಿನ ಕೂರಬೇಕಾಗ್ತಿತ್ತು.”

ನಾಳೆ ಭಾನುವಾರ, ಏಳನೆಯ ದಿನ.

ಮಾರ್ಚ್ ೨೩, ಭಾನುವಾರ

ಮುಗಿಯಿತು. ಸೈರನ್ ಇಲ್ಲ.

ಮಾರ್ಚ್ ೨೪, ಸೋಮವಾರ

ಮುಖ್ಯಸ್ಥೆ ಕರೆದರು. ಬಾಗಿಲನ್ನು ತೆರೆದೇ ಇಟ್ಟಿದ್ದರು.

“ವಾರ ಪೂರ್ತಿ ಓಡಿದೆ. ಅದ್ರಲ್ಲಿ ಮಾತಿಲ್ಲ. ನಂಗೆ ಒಂದೇ ಅರ್ಥ ಆಗದ್ದು. ಫೆಬ್ರವರೀಲಿ ಆಗದ್ದು ಮಾರ್ಚಲ್ಲಿ ಹೇಗಾಯ್ತು? ಏನು ಬದಲಾಯಿಸಿದ್ರಿ?”

ಗೇನನ್ನು ಹರಿವಿಗೆ ಜೋಡಿಸಿದ್ದನ್ನು ವಿವರಿಸಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಅದು ನಿಜವೂ ಹೌದು, ನನಗೆ ಶೋಭಿಸುವಂಥದ್ದೂ ಹೌದು. ಆದರೆ ಅರ್ಧ ಉತ್ತರ. “ಮೇಡಂ, ಫೆಬ್ರವರಿಯಲ್ಲೇ ಆಗ್ತಿತ್ತು. ಅರ್ಧ ಉತ್ತರ ನನ್ನ ಹತ್ತಿರ ಇತ್ತು, ಇನ್ನರ್ಧ ಸಂಜೆ ಪಾಳಿಯವರ ಹತ್ತಿರ. ನಾನು ಅವರನ್ನ ಕೇಳಲಿಲ್ಲ. ಒಂದು ತಿಂಗಳು ಬ್ಯಾಟರಿ ಬದಲಾಯಿಸ್ತಾ ಕೂತೆ. ಲೋಪ ನನ್ನದು. ಪರಿಹಾರ ಇಬ್ಬರದು” ಎಂದೆ.

ಅವರು ಪೆನ್ನನ್ನು ಮೇಜಿನ ಮೇಲೆ ಉರುಳಿಸುತ್ತ ನನ್ನನ್ನೇ ನೋಡಿದರು. ಹುದ್ದೆ ಕೈತಪ್ಪಿತೆಂದೇ ಭಾವಿಸಿದೆ. ಆದರೆ ವಿಚಿತ್ರವೆಂದರೆ ಎದೆ ಹಗುರವಾಗಿಯೇ ಇತ್ತು.

“ಶನಿವಾರ ಆ ಸಾರ್ ಇದೇ ಕುರ್ಚೀಲಿ ಕೂತು ಇದನ್ನೇ ಹೇಳಿದ್ರು. ತಪ್ಪು ಪೂರ್ತಿ ಅವರದಂತೆ. ನೀವು ಹೊಸಬರಂತೆ, ಪಾಪವಂತೆ.” ಅವರಿಗೆ ನಗು ತಡೆಯಲಾಗಲಿಲ್ಲ. “ಒಂದು ತಪ್ಪಿಗೆ ಇಬ್ಬರು ಪೂರ್ತಿ ಹಕ್ಕುದಾರರು. ಏನ್ ಮಾಡ್ಲಿ ನಾನು? ಕಾಯಂ ಆದೇಶ ಬುಧವಾರ ಬರುತ್ತೆ. ಇನ್ಮೇಲೆ ಎರಡೂ ಪಾಳಿ ಮಧ್ಯೆ ಅರ್ಧ ಗಂಟೆ ನೀವಿಬ್ರೂ ಒಟ್ಟಿಗೆ ಕೂರಬೇಕು. ಇದು ನನ್ನ ಆರ್ಡರು. ಸೆಕೆ ಬಗ್ಗೆ ಮಾತಾಡೋ ಹಾಗಿಲ್ಲ.”

ಸೆಕೆಯ ವಿಷಯ ಇವರಿಗೆ ಯಾರು ಹೇಳಿದರೋ.

ಮಾರ್ಚ್ ೨೬, ಬುಧವಾರ

ಆದೇಶ ಕೈಗೆ ಬಂತು. ನನ್ನ ಹೆಸರಿನ ಕೆಳಗೆ ಹುದ್ದೆಯ ಹೆಸರು ಅಚ್ಚಾಗಿದೆ. ಬಸ್ಸಿನಲ್ಲಿ ಎರಡು ಸಲ ತೆಗೆದು ನೋಡಿದೆ.

ಈ ದಿನವನ್ನು ವಿಸ್ತಾರವಾಗಿ ಬರೆಯಬೇಕೆಂದು ಊಟವಾದ ಕೂಡಲೇ ಕೂತೆ. ಉಗ್ರಾಣದವನು ಅಭಿನಂದಿಸುತ್ತ ಒಂದು ಬ್ಯಾಟರಿಯನ್ನು ಕಾಗದದಲ್ಲಿ ಸುತ್ತಿ ಉಡುಗೊರೆ ಕೊಟ್ಟದ್ದು, ದೊಡ್ಡಕ್ಕ ಮೊದಲ ಬಾರಿಗೆ ಪರದೆಗೆ ಬೆನ್ನು ಹಾಕಿ ಕೂತು ಕಾಫಿ ಕುಡಿದದ್ದು, ಮನೆಗೆ ಬೇಗ ಬಂದವನನ್ನು ಕಂಡು ಹೆಂಡತಿ ಗಾಬರಿಯಾದದ್ದು, ಆಮೇಲೆ ಅವಳು ಆದೇಶವನ್ನು ಗಟ್ಟಿಯಾಗಿ ಓದಿ ‘ಇಂಜಿನಿಯರ್’ ಬಂದ ಕಡೆಯೆಲ್ಲ ನಿಲ್ಲಿಸಿ ನನ್ನ ಮುಖ ನೋಡಿದ್ದು. ಬರೆಯುವುದು ಬಹಳವಿತ್ತು. ಆದರೆ ಪೆನ್ನು ತೆರೆದಾಗ ನೆನಪಾಯಿತು: ಇದೆಲ್ಲವನ್ನೂ ಆಗಲೇ ಅವಳಿಗೆ ಹೇಳಿಯಾಗಿದೆ. ಒಂದೇ ವಿಷಯವನ್ನು ಎರಡೆರಡು ಕಡೆ ದಾಖಲಿಸುವುದು ಅನವಶ್ಯಕ.

ಅವಳು ಕರೆಯುತ್ತಿದ್ದಾಳೆ. ಮುಖ್ಯಸ್ಥೆ ಏನೆಂದರೆಂಬುದನ್ನು ಇನ್ನೊಮ್ಮೆ ಮೊದಲಿನಿಂದ ಹೇಳಬೇಕಂತೆ.